ಬ್ಯಾನರಿನಲ್ಲಿ ಅವಳ ಪಾಲು

ನಾರ್ವೆಯಿಂದ ಉತ್ತರ ಬಂದಾಗ ಜೊವೆಲಿನ್ ತನ್ನದೇ ಮುಖದ ಕೆಳಗೆ ನಿಂತು, ಸಕ್ಕರೆ ಹಚ್ಚಿ ಕರಿದ ಬಾಳೆಕಾಯಿ ಕೊಳ್ಳುತ್ತಿದ್ದಳು. ಆ ಮುಖ ಬ್ಯಾನರಿನದು. ಜೆಟ್ಟಿಗೆ ಇಳಿಯುವ ರಸ್ತೆಯ ತಿರುವಿನಲ್ಲಿ, ಎರಡು ಕಂಬಗಳ ನಡುವೆ ಹಲ್ಲು ಬಿಟ್ಟು ನಗುತ್ತಿತ್ತು. ಹಿಂದೆ ಹಿಮದ ಬೆಟ್ಟ, ಕೆಳಗೆ ‘ನಾರ್ವೆಯ ವಿದ್ಯಾರ್ಥಿವೇತನ ಗೆದ್ದ ಜೊವೆಲಿನ್‌ಗೆ ಅಭಿನಂದನೆ’. ಪಕ್ಕದಲ್ಲಿ ಅವಳದ್ದಕ್ಕಿಂತ ಎರಡು ಪಟ್ಟು ದೊಡ್ಡ ಮುಖ, ಎಲ್ಲರೂ ಕಪಿತಾನ್ ಎಂದು ಕರೆಯುವ ಊರ ಯಜಮಾನ ಎಲ್ಪಿದಿಯೊನದು. ಮುಂದಿನ ತಿಂಗಳು ಚುನಾವಣೆ. ಊರ ಯಜಮಾನಿಕೆ ಮತ್ತೆ ಅವನಿಗೇ ಬೇಕಿತ್ತು.

ಫೋನಿನಲ್ಲಿ ‘ವಿಷಾದದಿಂದ ತಿಳಿಸುತ್ತೇವೆ’ ಎಂಬಲ್ಲಿ ಅವಳ ಕಣ್ಣು ನಿಂತಿತು. ಈ ವರ್ಷ ಬಂದ ಅರ್ಜಿಗಳೆಲ್ಲ ಬಹಳ ಉತ್ತಮವಾಗಿದ್ದವಂತೆ. ಅಪ್ಪನ ಕೊಳದ ಮೀನೆಲ್ಲ ಹೊಟ್ಟೆ ಮೇಲಾಗಿ ತೇಲಿದ ದಿನದಿಂದ ಅವಳಿಗೆ ಬೇಕಾಗಿದ್ದದ್ದು ಇದೊಂದೇ, ಮೀನಿನ ರೋಗಗಳ ಮೇಲೆ ಅಲ್ಲಿಗೆ ಹೋಗಿ ಸಂಶೋಧನೆ ಮಾಡುವುದು. ಆ ವಿದ್ಯಾರ್ಥಿವೇತನ ಈಗ ಕೈತಪ್ಪಿತ್ತು.

“ಯಾವಾಗಮ್ಮಾ ಹೊರಡೋದು?” ಬಾಳೆಕಾಯಿಯವಳು ಕೇಳಿದಳು. “ಬರೋವಾಗ ನನಗೊಂದು ಉಣ್ಣೆ ಕೋಟು ತಂದ್ಬಿಡು.”

“ಈ ಸೆಕೆಗೆ ಉಣ್ಣೆ ಕೋಟಾ ಅಕ್ಕಾ? ಬೆಂದುಹೋಗ್ತೀಯ.”

“ಹಾಕ್ಕೊಂಡು ಒಂದು ಫೋಟೋ ಹೊಡೆಸ್ಕೊಂಡು ತೆಗೆದಿಡ್ತೀನಿ, ನಿಂಗ್ಯಾಕೆ?”

ಜೊವೆಲಿನ್ ನಕ್ಕಳು. ಬ್ಯಾನರಿನಲ್ಲಿದ್ದಷ್ಟು ಚೆನ್ನಾಗಿ ಬರಲಿಲ್ಲ.

ತಪ್ಪು ತಾಯಿಯದೇ ಎನ್ನಬೇಕು. ಸಂದರ್ಶನಕ್ಕೆ ಕರೆ ಬಂದಿದೆ ಎಂದು ಮಗಳು ಹೇಳಿದ್ದನ್ನು ಅವಳು ಚರ್ಚಿನ ಬಾಗಿಲಲ್ಲೇ ಕಪಿತಾನನ ಹೆಂಡತಿಯ ಕಿವಿಗೆ ಹಾಕಿದ್ದಳು. ನರ್ಸ್ ಪರೀಕ್ಷೆ ಪಾಸಾದರೂ ಬ್ಯಾನರು, ಹಡಗಿನಲ್ಲಿ ಕೆಲಸ ಸಿಕ್ಕರೂ ಬ್ಯಾನರು ಎನ್ನುವ ಊರು ಅದು. ಕಪಿತಾನ್ ಮರುದಿನವೇ ಇಲೊಯಿಲೊ ಪೇಟೆಗೆ ಹೋಗಿ ಅಚ್ಚು ಹಾಕಿಸಿ ತಂದ. “ಇನ್ನೂ ಫಲಿತಾಂಶ ಬಂದಿಲ್ಲ, ಇಳಿಸಿ” ಎಂದು ಜೊವೆಲಿನ್ ಗೋಗರೆದರೆ, “ದಡ್ಡರನ್ನ ಯಾರಾದ್ರೂ ಸಂದರ್ಶನಕ್ಕೆ ಕರೀತಾರಾ?” ಎಂದು ಬೆನ್ನು ತಟ್ಟಿ ಕಳಿಸಿದ. ಬ್ಯಾನರು ನೋಡಿ, ಜೊವೆಲಿನ್ ಪಾಠ ಮಾಡುತ್ತಿದ್ದ ಶಾಲೆಯ ಮುಖ್ಯೋಪಾಧ್ಯಾಯಿನಿ ಅವಳನ್ನು ತಬ್ಬಿ ಹರಸಿ, ಜೂನ್‌ನಿಂದ ಅವಳ ವಿಜ್ಞಾನದ ತರಗತಿಗಳನ್ನು ಬೇರೊಬ್ಬಳಿಗೆ ಕೊಟ್ಟುಬಿಟ್ಟರು. ಹೋಗುವವಳ ಜಾಗವನ್ನು ಹಿಡಿದಿಟ್ಟುಕೊಂಡು ಯಾರು ಕೂತಿರುತ್ತಾರೆ?

ಸಂಜೆಯ ಹೊತ್ತಿಗೆ ಸುದ್ದಿ ತಾಯಿಯಿಂದಲೇ ಕಪಿತಾನನಿಗೆ ಮುಟ್ಟಿತ್ತು. ಅವನು ಏದುಸಿರು ಬಿಡುತ್ತ ಮನೆಗೆ ಬಂದ.

“ಹೀಗೆ ಕೈಕೊಡೋದಾ ಮಗಳೇ? ಸರಿ, ಆಗಿದ್ದಾಯ್ತು. ಚುನಾವಣೆ ಮುಗಿಯೋ ತನಕ ಬಾಯಿ ಬಿಡ್ಬೇಡ. ವೀಸಾ ತಡ ಆಯ್ತು ಅನ್ನು.”

“ಬ್ಯಾನರು ಇಳಿಸಿ ಕಪಿತಾನ್. ಶಾಲೆಗೆ ಹೇಳಿ ನನ್ನ ಕೆಲಸ ವಾಪಸ್ ಕೊಡ್ಸಿ. ನಿಮ್ಮ ಬ್ಯಾನರಿಂದಾನೇ ಹೋಗಿದ್ದು ಅದು.”

ಕಪಿತಾನ್ ಕಾಫಿ ಊದಿದ. “ಅದೇನು ದೊಡ್ಡ ಮಾತಲ್ಲ, ಕೊಡಿಸಬಹುದಿತ್ತು. ಆದ್ರೆ ಆ ಜಾಗಕ್ಕೆ ಬಂದಿರೋದು ನನ್ನ ಹೆಂಡ್ತಿ ತಂಗಿ ಮಗಳು. ಈಗ ಯಾವ ಬಾಯಲ್ಲಿ ಕೇಳ್ಲಮ್ಮಾ?”

ಜೊವೆಲಿನ್‌ಗೆ ಮೈಯೆಲ್ಲ ಉರಿದುಹೋಯಿತು. ತಾಯಿ ಏನಾದರೂ ಅಂದಾಳು ಎಂದು ಅವಳ ಮುಖ ನೋಡಿದಳು. ತಾಯಿ ಬಿಸ್ಕತ್ತಿನ ತಟ್ಟೆಯನ್ನು ಕಪಿತಾನನ ಹತ್ತಿರಕ್ಕೆ ಸರಿಸಿದಳು.

“ಹಾಗಾದ್ರೆ ನಾಳೆ ಆ ಬ್ಯಾನರಿನ ಕೆಳಗೇ ನಿಂತು ಎಲ್ರಿಗೂ ಹೇಳ್ತೀನಿ, ನಂಗೆ ಸಿಕ್ಕಿಲ್ಲ ಅಂತ. ಕಪಿತಾನ್ ಸುಳ್ಳು ಬರೆಸಿದ್ದಾರೆ ಅಂತ.”

ಅದು ನಾಟಿತು. ಬೆಳಗ್ಗೆ ಕಪಿತಾನ್ ತಾನೇ ಏಣಿ ಹೊತ್ತುಕೊಂಡು ಬಂದ. ಬ್ಯಾನರು ಪೂರ್ತಿ ಇಳಿಯುತ್ತದೆಂದು ಜೊವೆಲಿನ್ ಕೆಳಗೆ ನಿಂತು ನೋಡುತ್ತಿದ್ದರೆ, ಅವನು ಜೇಬಿನಿಂದ ಚಾಕು ತೆಗೆದು ಎರಡು ಮುಖಗಳ ನಡುವೆ ಮೇಲಿನಿಂದ ಕೆಳಗೆ ಕೊಯ್ಯತೊಡಗಿದ. ತನ್ನ ಕಿವಿಯ ಹತ್ತಿರ ಬಂದಾಗ ಕೈ ನಿಧಾನ ಮಾಡಿದ.

“ಇಡೀ ಬ್ಯಾನರಲ್ಲಿ ತಪ್ಪಿರೋದು ನಿನ್ನ ಭಾಗ ಒಂದೇ ಮಗಳೇ,” ಎಂದ ಏಣಿಯ ಮೇಲಿಂದಲೇ. “ಸರಿಯಾಗಿರೋದನ್ನ ಯಾಕೆ ಹಾಳು ಮಾಡೋದು?”

ತನ್ನ ಪಾಲನ್ನು ಎಳೆದು ಬಾಳೆಕಾಯಿ ಅಂಗಡಿಯ ಬಿದಿರಿಗೆ ಬಿಗಿದ. ಅವನ ಗದ್ದದ ಕೆಳಗೆ ದಪ್ಪ ಅಕ್ಷರಗಳಲ್ಲಿ ‘ನಮ್ಮ ಊರಿನ ಹೆಮ್ಮೆ’ ಎಂದಿತ್ತು. ಅದು ಅವನ ಜೊತೆಗೇ ಉಳಿಯಿತು.

ಜೊವೆಲಿನ್ ತನ್ನ ಪಾಲನ್ನು ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದಳು. ಸುಟ್ಟುಹಾಕಬೇಕೆಂದಿದ್ದಳು. ತಾಯಿ ಬಿಡಲಿಲ್ಲ. ಇಷ್ಟು ಗಟ್ಟಿ ಹಾಳೆ ಎಲ್ಲಿ ಸಿಗುತ್ತದೆ, ಹಂದಿಗೂಡಿನ ಮಾಡು ಸೋರುತ್ತಿದೆ ಎಂದಳು. ಇಬ್ಬರೂ ಎರಡು ತುದಿ ಹಿಡಿದು ಮಾಡಿನ ಮೇಲೆ ಹಾಸಿದರು.

“ಹಾಗಲ್ಲ, ತಿರುಗಿಸು. ಮುಖ ಒಳಗಡೆ ಬರ್ಲಿ,” ಎಂದಳು ತಾಯಿ.

ತಿರುಗಿಸಿದರು. ಬಿದಿರಿನ ಸಂದಿಯಿಂದ ನಗುವ ಹಲ್ಲೂ ಹಿಮದ ಬೆಟ್ಟವೂ ಗೂಡಿನೊಳಕ್ಕೆ ಇಣುಕಿದವು. ಹಂದಿ ಒಮ್ಮೆ ಮೂತಿ ಎತ್ತಿ ನೋಡಿ ಮತ್ತೆ ತೌಡಿಗೆ ಬಾಯಿ ಹಾಕಿತು.

“ಯಾರೂ ನೋಡಬಾರ್ದು ಅಂತಾನಾ, ಅಮ್ಮಾ?” ಜೊವೆಲಿನ್ ಹಾಳೆಯ ತುದಿ ಬಿಟ್ಟಳು. “ಅಷ್ಟು ನಾಚಿಕೆನಾ ನಿನಗೆ?”

“ನಾಚಿಕೆ ಯಾಕೇ?” ತಾಯಿ ಅಂಚಿನ ಮೇಲೆ ಕಲ್ಲು ಹೇರುತ್ತ ಹೇಳಿದಳು. “ಬಿಸಿಲಿಗೆ ಬಣ್ಣ ಹೋಗುತ್ತೆ ಕಣೇ. ಮುಂದಿನ ವರ್ಷ ನಿಂಗೆ ಸಿಕ್ಕಾಗ ಬೇಕಲ್ಲ.”