ಡಬ್ಬಿ ಮನೆ

ಗಂಡ ಹೋದ ಮೇಲೆ ಅವಳನ್ನು ಯಾರಾದರೂ ತಾವಾಗಿ ಮಾತಾಡಿಸಿದ್ದು ಅದೇ ಮೊದಲು. ಪಾರ್ಕಿನ ಬೆಂಚಿನ ಮೇಲೆ ಪಕ್ಕದಲ್ಲಿ ಕೂತ ಹಿರಿಯ ಹೆಂಗಸು ಬೇಲಿಯಾಚೆ ಕೈ ತೋರಿದರು. ದಿಕ್ಕಿಲ್ಲದ ಹೆಂಗಸರಿಗೆಂದು ಅಲ್ಲಿ ತಗಡಿನ ಪೆಟ್ಟಿಗೆಗಳಂಥ ಮನೆಗಳನ್ನು ತಂದು ಜೋಡಿಸಿದ್ದರು.

“ಆ ಡಬ್ಬಿ ಮನೆಯೋರು ಇಲ್ಲಿಗೂ ಬಂದು ಕೂರ್ತಾರಂತೆ ಕಣಮ್ಮ. ನಿಮ್ಮನೆ ಎಲ್ಲಿ?”

ನಿನ್ನೆಯಷ್ಟೇ ಆ ಡಬ್ಬಿ ಮನೆಗಳಲ್ಲೊಂದಕ್ಕೆ ಬಂದು ಸೇರಿದ್ದ ಅವಳು, “ಮೇನ್ ರೋಡಲ್ಲಿ, ಆಂಟಿ,” ಎಂದಳು.

“ಸದ್ಯ! ನಾಳೇನೂ ಬಾ. ಮಾತಾಡೋಕೆ ಒಬ್ಬಳಾದ್ರೂ ಸಿಕ್ಕಿದ್ಯಲ್ಲ.”

ಆ ಒಂದು ಮಾತು ಕಳೆದುಕೊಳ್ಳಬಾರದೆಂದು ಅವಳು ಮೇನ್ ರೋಡಿನ ಗೇಟಿನಿಂದಲೇ ಹೊರಟಳು. ಪಾರ್ಕನ್ನು ಪೂರ್ತಿ ಸುತ್ತಿಕೊಂಡು, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಹಿಂದಿನಿಂದ ಡಬ್ಬಿ ಮನೆಗಳ ಅಂಗಳಕ್ಕೆ ಕಾಲಿಟ್ಟಳು.

ಕೊನೆಯ ಮನೆಯ ಬೀಗ ತೆಗೆಯುತ್ತಿದ್ದ ಆಂಟಿ ತಿರುಗಿ ನೋಡಿದರು.