ಗಲ್ಲಿಗೆ

ಪ್ರಚಾರದ ಉದ್ದಕ್ಕೂ ವಜ್ರಪ್ಪನವರು ಗಂಟಲು ಹರಿದುಕೊಂಡಿದ್ದು ಒಂದೇ ಮಾತಿಗೆ: "ನನ್ನ ಗೆಲ್ಸಿ, ಗಲ್ಲಿಗೆ ಹಾಕಿಸ್ತೀನಿ." ಯಾರನ್ನು ಎಂದು ಬಿಡಿಸಿ ಹೇಳುವ ಗೋಜಿಗೆ ಅವರು ಹೋಗಲಿಲ್ಲ. ಎದುರು ಪಕ್ಷದ ಕಳ್ಳರನ್ನು ಎಂಬುದು ಹಸುಗೂಸಿಗೂ ತಿಳಿಯುತ್ತದೆಂದು ಅವರ ನಂಬಿಕೆ. ಪುರಸಭೆಯ ಮೆಂಬರಿಗೆ ನೇಣು ಹಾಕಿಸುವ ಅಧಿಕಾರ ಎಲ್ಲಿದೆ ಎಂದು ಕೇಳಿದವನು ಆ ಕ್ಷಣವೇ ಎದುರು ಪಕ್ಷದವನಾಗಿಬಿಡುತ್ತಿದ್ದ.

ಎದುರಾಳಿ ಮನೆಮನೆಗೆ ಕುಕ್ಕರ್ ಹಂಚಿದ್ದ. ಆದರೂ ವಜ್ರಪ್ಪನವರೇ ಭಾರೀ ಅಂತರದಲ್ಲಿ ಗೆದ್ದರು. ಎಂದೂ ಅವರ ಪಕ್ಷದ ಕಡೆ ತಿರುಗಿ ನೋಡದ ಕೆರೆ ಕೆಳಗಿನ ಮನೆಗಳವರು ಕೂಡ ಈ ಸಲ ಒಬ್ಬರೂ ಬಿಡದೆ ಅವರಿಗೇ ಓಟು ಹಾಕಿದ್ದರು.

"ಕುಕ್ಕರ್ ಇಸ್ಕೊಂಡು ನಂಗೆ ಓಟು ಹಾಕವ್ರೆ ಅಂದ್ರೆ ಏನರ್ಥ? ಜನಕ್ಕೆ ಅನ್ನಕ್ಕಿಂತ ನೇಣೇ ಮುಖ್ಯ," ಎಂದು ಅವರು ಟೀವಿಯವರ ಮುಂದೆ ಫಲಿತಾಂಶವನ್ನು ವಿಶ್ಲೇಷಿಸಿದರು.

ಕತ್ತಿನ ತುಂಬ ಹಾರ ಹಾಕಿಕೊಂಡು ಕೆರೆ ಕೆಳಗಿನವರಿಗೆ ಕೈಮುಗಿಯಲು ಹೋದಾಗ, ಅವರ ಒಂದು ಚಪ್ಪಲಿ ಕೆಸರಿನಲ್ಲಿ ಹೂತುಹೋಯಿತು. ಅದನ್ನು ಕಿತ್ತುಕೊಟ್ಟ ಮುದುಕಿ ಕೇಳಿದಳು, "ಗಲ್ಲಿಗೆ ಹಾಕುಸ್ತೀನಿ ಅಂದಿದ್ರಲ್ಲ, ಯಾವಾಗಪ್ಪಾ?"

ವಜ್ರಪ್ಪನವರ ದನಿ ಇಳಿಯಿತು. "ಅದು ಅಷ್ಟು ಸುಲಭ ಅಲ್ಲಮ್ಮ. ಮೊದ್ಲು ಕೋರ್ಟು, ಆಮೇಲೆ ಹೈಕೋರ್ಟು, ಸುಪ್ರೀಂ ಕೋರ್ಟು. ಅದೂ ಮುಗುದ್ರೆ ರಾಷ್ಟ್ರಪತಿಗಳು ಒಪ್ಬೇಕು."

ಮುದುಕಿ ಗಲ್ಲದ ಮೇಲೆ ಕೈಯಿಟ್ಟುಕೊಂಡಳು.

"ನಮ್ ಗಲ್ಲಿಗೆ ಎರಡು ಲೋಡು ಜಲ್ಲಿ ಹಾಕ್ಸಕ್ಕೆ ರಾಷ್ಟ್ರಪತಿ ಯಾಕಪ್ಪಾ ಒಪ್ಬೇಕು?"