ಬ್ಯಾಗ್ ರಿಪೇರಿಗೆ ಒಂದು ಸ್ಟಾರ್

ಅಂಗಡಿಯ ಶಟರ್ ಇನ್ನೂ ಅರ್ಧಕ್ಕಷ್ಟೇ ಎತ್ತಿದ್ದಳು, ಅಷ್ಟರಲ್ಲಿ ಫೋನು ಟಿಣ್ ಎಂದಿತು. ಮತ್ತೊಂದು. ಐದರಲ್ಲಿ ಒಂದೇ ಸ್ಟಾರ್. ಒಂದು ಮಾತಿಲ್ಲ, ಒಂದು ದೂರಿಲ್ಲ. ಬೀದಿನಾಯಿಗೆ ಕಲ್ಲು ಬೀರಿದ ಹಾಗೆ ಒಂದು ಸ್ಟಾರ್ ಬೀರಿ ಹೋಗಿದ್ದರು.

ಉಳಿದರ್ಧ ಎತ್ತುವ ಮನಸ್ಸಾಗದೆ ಬಗ್ಗಿಕೊಂಡೇ ಒಳಗೆ ನುಗ್ಗಿದಳು.

ಹಳೇ ಬ್ಯಾಗಿಗೆ ಹೊಸ ಜಿಪ್, ಸೂಟ್‌ಕೇಸಿಗೆ ಚಕ್ರ, ಕಿತ್ತುಬಂದ ಹಿಡಿಕೆಗೆ ಹೊಲಿಗೆ. ಅವಳ ಕಸುಬು ಇದು. ಗಿರಾಕಿ ಸಾಲದೆಂದು ಕಳೆದ ವರ್ಷ ವೆಬ್‌ಸೈಟ್ ಮಾಡಿದಳು. ಅಲ್ಲಿಂದ ಕೆಲಸ ಎರಡರಷ್ಟಾಯಿತು. ಹೊಲಿಯುವುದು, ಹೊಲಿದದ್ದರ ಫೋಟೋ ತೆಗೆಯುವುದು, ಫೋಟೋದ ಕೆಳಗೆ ನಾಲ್ಕು ಸಾಲು ಬರೆಯುವುದು, ಅದನ್ನು ಫೋನಿನಲ್ಲಿ ಕಂಡಕಂಡ ಗುಂಪಿಗೆಲ್ಲ ಕಳಿಸುವುದು, "ಚಕ್ರ ಹಾಕ್ತೀರಾ?" ಎಂದವರಿಗೆ "ಹಾಕ್ತೀವಿ" ಎಂದು ಉತ್ತರ ಕೊಡುವುದು. ಆ "ಹಾಕ್ತೀವಿ"ಯಲ್ಲಿ ಇದ್ದವಳು ಅವಳೊಬ್ಬಳೇ.

ಮೊದಮೊದಲು ಕೆಲವು ಗಿರಾಕಿಗಳು ಖುಷಿಯಿಂದ ಒಳ್ಳೇ ಮಾತು ಬರೆದರು, ಸ್ಟಾರ್ ಕೊಟ್ಟರು. "ಅದ್ಯಾಕೆ ಆ ಸ್ಟಾರುಗಳನ್ನೇ ನೋಡ್ತಾ ಕೂರ್ತೀಯಾ?" ಎಂದು ಅಮ್ಮ ಕೇಳಿದ್ದಳು. ಇವಳು ಬಾಯಲ್ಲಿ ದಾರ ಕಚ್ಚಿಕೊಂಡೇ ಹೇಳಿದ್ದಳು: "ಸ್ಟಾರ್ ಬಂದಷ್ಟೂ ಜನ ಬರ್ತಾರಮ್ಮ. ಐದೂ ತುಂಬಿರಬೇಕು, ಅಷ್ಟೇ."

ತುಂಬುವುದಿರಲಿ, ಸೋರತೊಡಗಿತು. ಸೈಟಿನ ನೆತ್ತಿಯ ಮೇಲೆ ನಾಲ್ಕೂವರೆ ಇದ್ದದ್ದು ಮೂರಾಯಿತು, ಈಗ ಎರಡರ ಹತ್ತಿರ ಕುಂಟುತ್ತಿತ್ತು. ಕೊಟ್ಟವರನ್ನು ಹುಡುಕಿದರೆ ಒಬ್ಬರಿಗೂ ಮುಖವಿಲ್ಲ. ಒಬ್ಬರ ಫೋಟೋದ ಜಾಗದಲ್ಲಿ ಗುಲಾಬಿ ಹೂ. ಒಬ್ಬರದು ತೊಟ್ಟಿಲ ಮಗು. ಇನ್ನೊಬ್ಬರದು "ಶುಭೋದಯ" ಎಂದು ಬರೆದ ಸೂರ್ಯ. ಒಬ್ಬರ ಹೆಸರಂತೂ "ಪುಟ್ಟ ಗೇಮರ್". ಎಲ್ಲ ಕಳ್ಳ ಖಾತೆಗಳು. ಯಾರೋ ಕೂತು ಹುಟ್ಟಿಸುತ್ತಿದ್ದಾರೆ. ಅದೂ ದಿನಾ ಬೆಳಿಗ್ಗೆ, ಎದುರಿನ ಸೂಟ್‌ಕೇಸ್ ಅಂಗಡಿಯವನು ಬಾಗಿಲು ತೆಗೆಯುವ ಹೊತ್ತಿಗೆ ಸರಿಯಾಗಿ.

ಅಮ್ಮ ಬಂದಳು. ಪಾರ್ಕಿನಲ್ಲಿ ಗೆಳತಿಯರ ಜೊತೆ ಸುತ್ತು ಹಾಕಿ ನೇರ ಅಂಗಡಿಗೆ ಬರುವುದು ಅವಳ ರೂಢಿ. ಕೈಯಲ್ಲಿ ಟೀ ಫ್ಲಾಸ್ಕು, ಬಿಸ್ಕತ್ತಿನ ಪೊಟ್ಟಣ. ಬ್ಯಾಗ್ ಒಯ್ಯಲು ನಿಂತಿದ್ದ ಗಂಡಹೆಂಡಿರ ಮುಂದೆ ಪೊಟ್ಟಣ ಹಿಡಿದಳು. "ತಗೊಳ್ಳಿ. ಒಂದೊಂದೇ, ಆಮೇಲೆ ಬರೋರಿಗೂ ಬೇಕಲ್ಲ."

ಅವರು ಹೋದ ಮೇಲೆ ಮಗಳು ಅಂದಳು, "ಪೂರ್ತಿ ಪೊಟ್ಟಣ ಕೊಟ್ಟುಬಿಡ್ಬೇಕಿತ್ತು. ಇನ್ಯಾರು ಬರ್ತಾರೆ?"

"ಇವತ್ತು ಸ್ಟಾರ್ ಬಂತಾ?"

"ಬಂತು. ಒಂದು."

"ಸದ್ಯ." ಅಮ್ಮ ಟೀ ಬಗ್ಗಿಸಿದಳು.

"ಸದ್ಯ ಅಂತೆ. ನನಗಿಲ್ಲಿ ಜೀವ ಹೋಗ್ತಿದೆ."

"ಒಂದು ಬಂದ ಕಡೆ ಇನ್ನೊಂದು ಬರುತ್ತೆ ಕಣೇ."

"ಅದೇ ನನ್ನ ಭಯ."

ಸೈಟಿಗೆ ಕಟ್ಟಿದ್ದ ವರ್ಷದ ಹಣದ ಅವಧಿ ಅವತ್ತಿಗೆ ಮುಗಿಯುತ್ತಿತ್ತು. ಮುಂದುವರಿಸಿದರೆ ಇನ್ನೊಂದು ವರ್ಷ ಇದೇ ಒದ್ದಾಟ. ಬಿಟ್ಟರೆ ಅಂಗಡಿಯೂ ಹೋದ ಹಾಗೆ. ಬ್ಯಾಗ್ ಫ್ಯಾಕ್ಟರಿಯಲ್ಲಿ ಒಂದು ಹೊಲಿಗೆ ಮಿಷನ್ ಖಾಲಿ ಇದೆ, ಬಂದು ಕೂತರಾಯಿತು ಎಂದು ಅಕ್ಕನ ಗಂಡ ಹೇಳಿಯಾಗಿತ್ತು. ಇನ್ನೊಬ್ಬರ ಬೆಲ್ಲಿಗೆ ಏಳು, ಇನ್ನೊಬ್ಬರ ಬೆಲ್ಲಿಗೆ ಕೂರು.

ಟೀ ಲೋಟ ಇಟ್ಟವಳೇ ರಸ್ತೆ ದಾಟಿದಳು.

ಸೂಟ್‌ಕೇಸ್ ಅಂಗಡಿಯವನು ಕೆಂಪು ಪೆಟ್ಟಿಗೆಯೊಂದರ ಧೂಳು ಒರೆಸುತ್ತಿದ್ದ.

"ಅಣ್ಣ, ಎದುರಿಗೇ ಬಂದು ಬಯ್ದುಬಿಡಿ. ಹೀಗೆ ಕದ್ದುಮುಚ್ಚಿ ಒಂದೊಂದು ಸ್ಟಾರ್ ಯಾಕೆ?"

ಅವನು ಅವಳ ಫೋನು ಇಸಿದುಕೊಂಡು ಕನ್ನಡಕ ಏರಿಸಿ ನೋಡಿದ. "ನೀನು ಹಳೇ ಪೆಟ್ಟಿಗೆಗೆಲ್ಲ ಚಕ್ರ ಹಾಕಿಕೊಟ್ರೆ ನನ್ನ ಹೊಸದು ಯಾರು ತಗೋತಾರೆ ಅಂತ ಹೊಟ್ಟೆ ಉರಿದದ್ದು ಹೌದಮ್ಮ. ಆದ್ರೆ ಫೋನಲ್ಲಿ ನನಗೆ ಬರೋದು ಎರಡೇ ಕೆಲಸ. ಹಲೋ ಅನ್ನೋದು, ಇಡೋದು. ಗುಲಾಬಿ ಹೂ ಹಾಕ್ಕೊಂಡು ಮೆರೆಯೋ ಆಸಾಮಿನಾ ನಾನು?"

"ಮತ್ತಿನ್ಯಾರು? ಈ ಬೀದೀಲಿ ಕಳ್ಳಬುದ್ಧಿ ಇರೋದು ನಿಮಗೊಬ್ಬರಿಗೇ."

ಜೋರಾಗಿಯೇ ಅಂದಿದ್ದಳು. ಪಕ್ಕದ ಕ್ಷೌರದಂಗಡಿಯಲ್ಲಿ ಕತ್ತರಿ ನಿಂತಿತು. ಅವನು ಫೋನನ್ನು ಅವಳ ಕೈಗಿಟ್ಟ. ಕೆಂಪು ಪೆಟ್ಟಿಗೆಯನ್ನು ಎಳೆದುಕೊಂಡು ಒಳಗೆ ಹೋದ. ಸಿಕ್ಕಿಬಿದ್ದವರು ಹೀಗೇ ಹೋಗುವುದು ಎಂದುಕೊಂಡಳು.

ಗೆದ್ದ ಹಾಗೇನೂ ಅನ್ನಿಸಲಿಲ್ಲ. ಸುಸ್ತು ಇನ್ನಷ್ಟು ಹೆಚ್ಚಿತು. ಇಡೀ ದಿನ ಒಂದೂ ಕರೆ ಬರಲಿಲ್ಲ. ಹೊಲಿಯುತ್ತಿದ್ದ ಜಿಪ್ಪನ್ನು ಎರಡು ಸಲ ತಿರುಗುಮುರುಗು ಹೊಲಿದು, ಎರಡು ಸಲವೂ ಬಿಚ್ಚಿದಳು.

ಸಂಜೆ ಕಂಪ್ಯೂಟರ್ ಮುಂದೆ ಕೂತಳು. "ಅಮ್ಮ, ಸಾಕಾಯ್ತು. ಸೈಟ್ ಮುಚ್ಚಿಬಿಡ್ತೀನಿ. ಭಾವನಿಗೆ ಬರ್ತೀನಿ ಅಂತ ಹೇಳ್ಬಿಡು."

ಅಮ್ಮನ ಮುಖ ಇಳಿಯಿತು. "ಸ್ಟಾರು ಇನ್ನೂ ತುಂಬಿಲ್ವೇನೇ?"

"ನೀನೊಬ್ಬಳು. ತುಂಬೋಕೆ ಬಿಡ್ತಾರಾ ಅವರು?"

"ಒಂದು ಗಳಿಗೆ ತಾಳೇ. ಫೋನ್ ಮಾಡಿ ಬರ್ತೀನಿ." ಅಮ್ಮ ತನ್ನ ಫೋನು ಎತ್ತಿಕೊಂಡು ಹೊರಗಿನ ಮೆಟ್ಟಿಲಿಗೆ ಹೋದಳು.

ಭಾವನಿಗೇ ಇರಬೇಕು. ಆಗಲಿ. ಪರದೆಯ ಮೇಲೆ ಎರಡೇ ಗುಂಡಿಗಳಿದ್ದವು: ಮುಂದುವರಿಸಿ, ಮುಚ್ಚಿ. ಎರಡನೆಯದರ ಮೇಲೆ ಬಾಣದ ಗುರುತು ತಂದು ನಿಲ್ಲಿಸಿದಳು.

ಟಿಣ್. ಒಂದು ಸ್ಟಾರ್. ಟಿಣ್. ಒಂದು. ಟಿಣ್. ಮತ್ತೆ ಒಂದು. ಸಾಯುವವಳ ಬಾಯಿಗೆ ಮಣ್ಣು ಹಾಕುವ ಹಾಗೆ.

ಟಿಣ್. ಐದು.

ಬೆರಳು ನಿಂತಿತು. ಕಣ್ಣುಜ್ಜಿ ನೋಡಿದಳು. ಗುಲಾಬಿಯಲ್ಲ, ಈ ಸಲ ಮಲಗಿದ ಬೆಕ್ಕು. ಐದಕ್ಕೆ ಐದು. ನೋಡುತ್ತಿದ್ದ ಹಾಗೇ ಅದೂ ಒಂದಕ್ಕೆ ಇಳಿಯಿತು.

ಹೊರಗಿನಿಂದ ಅಮ್ಮನ ದನಿ ಕೇಳಿಸಿತು: "ಹಾಂ, ಈಗ ಸರಿಯಾಯ್ತು ನೋಡು. ಐದೂ ನೀನೊಬ್ಬಳೇ ಒತ್ತಿಬಿಟ್ರೆ ನಮ್ಮ ಪಾರ್ಕಿನ ಬೇರೆಯವರಿಗೆ ಏನುಳಿಯುತ್ತೆ ಹೇಳು, ಒಬ್ಬೊಬ್ರೂ ಒಂದೊಂದು ಕೊಟ್ರೆ ತಾನೇ ನನ್ನ ಮಗಳಿಗೆ ತುಂಬೋದು?"